ಸೆಟೆದ ಮೀನಿಗೆ ನೆಟ್ಟಗಿನ ತಟ್ಟೆ

ಏರ್‌ಪೋರ್ಟು

ಸ್ಯಾನ್‌ಫ್ರಾನ್ಸಿಸ್ಕೋ ಏರ್‌ಪೋರ್ಟಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ನನ್ನ ಬೂಟುಗಳ ದೆಸೆಯಿಂದ.

ಮೊದಲನೇ ಬಾಗಿಲು ಸಲೀಸಾಗಿಯೇ ದಾಟಿದ್ದೆ. "ಅಮೆರಿಕಕ್ಕೆ ಯಾಕೆ ಬಂದಿರಿ?" ಎಂದು ಗಾಜಿನ ಹಿಂದೆ ಕೂತವನು ಕೇಳಿದ. ಮೀನು ನೋಡಲಿಕ್ಕೆ ಎಂದೆ. "ನಿಮ್ಮ ಊರಲ್ಲಿ ಮೀನಿಲ್ಲವೇ?" ಎಂದ. "ಬೇಕಾದಷ್ಟು ಉಂಟು. ನಿಮ್ಮ ಮೀನಿಗೇ ಏನೋ ತೊಂದರೆಯಂತೆ, ಅದಕ್ಕೆ ಕರೆಸಿದ್ದಾರೆ" ಎಂದೆ. ಅವನು ನಕ್ಕು ಠಪ್ಪನೆ ಮುದ್ರೆ ಒತ್ತಿದ. ತೊಂದರೆಯಾದದ್ದು ಮುಂದಿನ ಕಟ್ಟೆಯಲ್ಲಿ. ಅಲ್ಲಿ ಕೊಡಬೇಕಾದ ಚೀಟಿಯಲ್ಲಿ, ಇತ್ತೀಚೆಗೆ ದನವೋ ಮೀನೋ ಸಾಕುವ ಯಾವುದಾದರೂ ಫಾರ್ಮಿಗೆ ಹೋಗಿದ್ದೀರಾ ಎಂಬ ಪ್ರಶ್ನೆ ಇತ್ತು. ಹಿಂದಿನ ತಿಂಗಳು ಕುಂದಾಪುರದ ಹತ್ತಿರ ಒಂದು ಸಿಗಡಿ ಸಾಕುವ ಕೆರೆ ನೋಡಿ ಬಂದಿದ್ದೆ. ಸುಳ್ಳು ಬರೆದು ಅಭ್ಯಾಸವಿಲ್ಲ, ಹೌದು ಎಂದು ಗೀಟು ಹಾಕಿದೆ.

ಪೆಟ್ಟಿಗೆ ಬಿಚ್ಚಿಸಿದರು. ಸೀರೆ, ಚೂಡಿದಾರ, ಉಪ್ಪಿನಕಾಯಿ ಯಾವುದೂ ಬೇಡವಾಯಿತು. ಅಡಿಯಲ್ಲಿದ್ದ ನನ್ನ ಬಿಳಿ ರಬ್ಬರ್ ಬೂಟುಗಳು ಹೊರಬಂದವು. ಮಲ್ಪೆಯ ಮೀನಿನ ಶೆಡ್ಡಿನಲ್ಲಿ ದಿನಾ ಹಾಕುವಂಥವು. ಅವುಗಳ ಜೊತೆಗೆ ಮಲ್ಪೆಯ ವಾಸನೆಯೂ ಹೊರಬಂತು. ಕೈಗವಸು ಹಾಕಿದ ಒಬ್ಬಳು ಅವನ್ನು ಮಾರು ದೂರಕ್ಕೆ ಹಿಡಿದುಕೊಂಡು ಒಳಗೆ ಹೋದಳು. ಅರ್ಧ ಗಂಟೆ ನಾನು ಬರಿಗೈಯಲ್ಲಿ ಅತ್ತಿಂದಿತ್ತ ಸುತ್ತಿದೆ. ನನ್ನದು ಕೂತಲ್ಲಿ ಕೂರುವ ಜೀವ ಅಲ್ಲ. ಕೊನೆಗೆ ಅವಳು ಬೂಟುಗಳನ್ನು ಔಷಧದ ನೀರಿನಲ್ಲಿ ತಿಕ್ಕಿ ತೊಳೆದು, ಒರೆಸಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ತಂದುಕೊಟ್ಟಳು. ಹೊಸದಾಗಿ ಕೊಂಡ ದಿನವೂ ಅವು ಅಷ್ಟು ಬೆಳ್ಳಗಿರಲಿಲ್ಲ. ಅಮೆರಿಕ ನನಗೆ ಮಾಡಿದ ಮೊದಲ ಉಪಕಾರ ಅದು ಎಂದು ಎಲ್ಲರಿಗೂ ಹೇಳಿ ನಗುತ್ತಿದ್ದೆ. ಆಮೇಲೆ ಆ ತಮಾಷೆ ಹೇಳುವುದನ್ನು ಬಿಟ್ಟೆ.

ವಾಲ್ನಟ್ ಕ್ರೀಕ್

ಎರಡು ಸಾವಿರದ ಇಸವಿಗೆ ಇನ್ನು ಕೆಲವೇ ತಿಂಗಳಿದ್ದ ಕಾಲ. ಆ ಕಡೆ ಯಾರ ಬಾಯಲ್ಲಿ ಕೇಳಿದರೂ ಡಾಟ್‌ಕಾಮ್. ನಾಯಿಯ ತಿಂಡಿಗೊಂದು ಕಂಪನಿ, ಮದುವೆಯ ಹೂವಿಗೊಂದು, ಕಳೆದುಹೋದ ಕೊಡೆ ಹುಡುಕಿಕೊಡಲಿಕ್ಕೂ ಒಂದು ಇದ್ದರೆ ಆಶ್ಚರ್ಯವಿಲ್ಲ. ಹಾಗೆಯೇ ಮೀನಿಗೂ ಒಂದು. ನನ್ನನ್ನು ಕರೆಸಿದ್ದು ಅದು.

ಅವರ ಲೆಕ್ಕಾಚಾರ ಹೀಗಿತ್ತು. ಸಾಲ್ಮನ್ ಎಂಬ ಮೀನನ್ನು ಉತ್ತರದ ತಣ್ಣಗಿನ ಸಮುದ್ರದಲ್ಲಿ ಬಲೆಯ ಪಂಜರ ಕಟ್ಟಿ ಸಾಕುತ್ತಾರೆ. ಕೊಂದು, ಹೊಟ್ಟೆ ಸ್ವಚ್ಛ ಮಾಡಿ, ಐಸಿನ ಪೆಟ್ಟಿಗೆಯಲ್ಲಿ ಹಾಕಿದರೆ ಒಂದು ದಿನದ ಲಾರಿ ದಾರಿ, ಓಕ್ಲಂಡಿಗೆ ಬರುತ್ತದೆ. ಅಲ್ಲಿನ ಶೆಡ್ಡಿನಲ್ಲಿ ಮುಳ್ಳು ಬಿಟ್ಟು ಎರಡೂ ಬದಿಯ ಮಾಂಸವನ್ನು ಉದ್ದಕ್ಕೆ ಕೊಯ್ದು ತೆಗೆಯುತ್ತಾರೆ. ಅದಕ್ಕೆ ಫಿಲೆ ಎನ್ನುತ್ತಾರೆ. ಇಳಿಸುವಾಗ ಇಡೀ ಮೀನಿನ ಫೋಟೋ, ಕೊಯ್ದ ಮೇಲೆ ಫಿಲೆಯ ಫೋಟೋ. ಎರಡನ್ನೂ ತಾಳೆ ಹಾಕಿದರೆ ಫಿಲೆಯ ದೋಷ ಎಲ್ಲಿ ಹುಟ್ಟಿತು ಎಂದು ಗೊತ್ತಾಗಬೇಕು: ಪಂಜರದಲ್ಲೋ, ಲಾರಿಯಲ್ಲೋ, ಕತ್ತಿಯಲ್ಲೋ. ಆದರೆ ದೋಷ ಎಂದರೆ ಏನು ಎಂಬುದನ್ನು ಕಂಪ್ಯೂಟರಿಗೆ ಮೊದಲು ಯಾರಾದರೂ ಕಲಿಸಬೇಕಲ್ಲ. ಮಲ್ಪೆಯ ರಫ್ತು ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷ ನಾನು ಮಾಡಿದ್ದು ಅದನ್ನೇ. ಹೆಬ್ಬೆರಳಿಂದ ಒತ್ತಿ, ಕಿವಿರು ಎತ್ತಿ, ಮೂಸಿ, ಇದು ಹೋಗಲಿ ಇದು ಬೇಡ ಎನ್ನುವ ಕೆಲಸ. ಅಲ್ಲಿಗೆ ಬರುತ್ತಿದ್ದ ಒಬ್ಬ ಖರೀದಿದಾರ ಇವರಿಗೆ ನನ್ನ ಹೆಸರು ಕೊಟ್ಟಿದ್ದ.

ಆಫೀಸು ವಾಲ್ನಟ್ ಕ್ರೀಕ್ ಎಂಬ ಈ ಊರಿನ ರೈಲು ಸ್ಟೇಷನ್ನಿನ ಪಕ್ಕದ ಕಟ್ಟಡದ ಮೂರನೇ ಮಾಳಿಗೆಯಲ್ಲಿತ್ತು. ಕಾಲು ಹೂತುಹೋಗುವ ಕಾರ್ಪೆಟ್ಟು, ಬಿಟ್ಟಿ ಕಾಫಿ, ಕೆಲವರಿಗೆ ಕುರ್ಚಿಯ ಬದಲು ಕೂರಲಿಕ್ಕೆ ದೊಡ್ಡ ರಬ್ಬರ್ ಚೆಂಡುಗಳು. ಯಜಮಾನ ಬ್ರಯನ್ ನನ್ನ ತಂಗಿಯ ಮಗನ ಪ್ರಾಯದವನು, ಚಡ್ಡಿ ಹಾಕಿಕೊಂಡೇ ಮೀಟಿಂಗಿಗೆ ಬರುತ್ತಿದ್ದ. "ಜಲಜಾ, ನೀವೇ ನಮ್ಮ ಕಣ್ಣು" ಎಂದು ಮೊದಲ ದಿನ ಕೈಕುಲುಕಿದ. ಆ ಇಡೀ ಮಾಳಿಗೆಯಲ್ಲಿ ಒಂದು ಮೀನಿನ ಮುಳ್ಳೂ ಇರಲಿಲ್ಲ, ಅದರ ವಾಸನೆಯೂ ಇರಲಿಲ್ಲ. ಸಂಜೆ ವ್ಯಾನಿನಲ್ಲಿ ಓಕ್ಲಂಡಿನಿಂದ ಫೋಟೋ ತುಂಬಿದ ಡಿಸ್ಕುಗಳು ಬರುತ್ತಿದ್ದವು. ಮರುದಿನ ಬೆಳಿಗ್ಗೆ ಅವು ನನ್ನ ಮುಂದಿನ ಪರದೆಯಲ್ಲಿ.

ಇದನ್ನೆಲ್ಲ ಕಟ್ಟಿದ ಎಂಜಿನಿಯರು ಹುಬ್ಬಳ್ಳಿಯ ವೀರೇಶ. ಮೂವತ್ತೈದರ ಆಸುಪಾಸು, ಹಣೆಯ ಮೇಲೆ ಸಣ್ಣಗೆ ವಿಭೂತಿ. ನನ್ನನ್ನು ಮೊದಲ ದಿನದಿಂದಲೇ 'ಅಕ್ಕಾರ' ಎಂದು ಕರೆದು ಪ್ರೀತಿ ಗಳಿಸಿಬಿಟ್ಟ.

"ನೀವು ಮೀನು ಮುಟ್ಟಿದ್ದುಂಟಾ ವೀರೇಶ?" ಎಂದು ಕೇಳಿದೆ.

"ಏ, ಇಲ್ರಿ ಅಕ್ಕಾರ! ನಮ್ಮನ್ಯಾಗ ಉಳ್ಳಾಗಡ್ಡಿ ಸೈತ ಸ್ವಾಮವಾರ ನಡಿಯಾಂಗಿಲ್ರಿ. ಫೋಟೋದಾಗ ನೋಡೇನಿ ಅಷ್ಟ. ಡೇಟಾ ಅಂದ್ರ ಡೇಟಾ. ಬದನೀಕಾಯಿ ಆದ್ರೇನ, ಮೀನ ಆದ್ರೇನ."

ನನ್ನ ಕೆಲಸ ಫಿಲೆಯ ಫೋಟೋದ ಮೇಲೆ ಕೆಂಪು ಗೆರೆಯಲ್ಲಿ ಸುತ್ತು ಹಾಕುವುದು. ರಕ್ತದ ಚುಕ್ಕೆಗೆ ಒಂದು ಗುರುತು, ಕಪ್ಪು ಕಲೆಗೆ ಇನ್ನೊಂದು. ಬಣ್ಣ ನೋಡಲಿಕ್ಕೆ ಗುಲಾಬಿಯಿಂದ ಕೇಸರಿಯವರೆಗೆ ಪಟ್ಟಿಗಳಿರುವ ಒಂದು ಬೀಸಣಿಗೆ ಕೊಟ್ಟಿದ್ದರು, ಉಡುಪಿಯ ಮ್ಯಾಚಿಂಗ್ ಸೆಂಟರಿನಲ್ಲಿ ಬ್ಲೌಸ್ ಪೀಸಿಗೆ ಹಿಡಿದು ನೋಡುತ್ತಾರಲ್ಲ ಹಾಗೆ. ಎಲ್ಲದಕ್ಕಿಂತ ದೊಡ್ಡ ದೋಷ ಬಿರುಕು. ಸಾಲ್ಮನ್ನಿನ ಮಾಂಸ ಪದರ ಪದರವಾಗಿರುತ್ತದೆ. ಆ ಪದರಗಳನ್ನು ಹಿಡಿದಿರುವ ತೆಳು ಪೊರೆ ಹರಿದರೆ ಫಿಲೆ ಅಲ್ಲಲ್ಲಿ ಬಾಯಿ ಬಿಡುತ್ತದೆ, ಅಂಗಡಿಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಪ್ರತಿ ಫೋಟೋದ ಮೂಲೆಯಲ್ಲಿ ಅದನ್ನು ಕೊಯ್ದ ಮೇಜಿನ ನಂಬರು ಇರುತ್ತಿತ್ತು. ನಾಲ್ಕನೇ ಮೇಜಿನ ಫಿಲೆಗಳಲ್ಲಿ ಬಿರುಕೋ ಬಿರುಕು. ನಾನು ಸುತ್ತು ಹಾಕಿದ್ದೇ ಹಾಕಿದ್ದು. ಅಲ್ಲಿ ಕತ್ತಿ ಹಿಡಿದವರು ಯಾರೋ, ಕೈ ಒರಟು ಎಂದು ನನ್ನಷ್ಟಕ್ಕೆ ಬೈದೂ ಇದ್ದೆ.

ಓಕ್ಲಂಡಿನ ಶೆಡ್ಡು ನೋಡಬೇಕೇ ಎಂದು ಬ್ರಯನ್ ಮೊದಲ ದಿನವೇ ಕೇಳಿದ್ದ. ಇನ್ಶೂರೆನ್ಸಿನದೊಂದು ಫಾರಂ ತುಂಬಬೇಕು, ವಾರ ಹಿಡಿದೀತು ಎಂದಿದ್ದ. "ನೋಡುವ" ಎಂದಿದ್ದೆ. ನಿಜ ಹೇಳಬೇಕೆಂದರೆ ಆ ತಿರುಗುವ ಕುರ್ಚಿ ನನಗೆ ಹಿಡಿಸಿತ್ತು. ಇಪ್ಪತ್ತಾರು ವರ್ಷ ಐಸು ನೀರಿನ ನೆಲದಲ್ಲಿ ನಿಂತು ಮೊಣಕಾಲು ಸವೆಸಿದವಳನ್ನು ಕಾರ್ಪೆಟ್ಟಿನ ಮೇಲೆ ಕೂರಿಸಿ ಎಕ್ಸ್‌ಪರ್ಟ್ ಎಂದು ಕರೆದರೆ ಯಾರಿಗೆ ಬೇಡ? ಬೂಟುಗಳು ಪ್ಲಾಸ್ಟಿಕ್ ಚೀಲದಲ್ಲೇ ಕಪಾಟು ಸೇರಿದವು. ಆದರೆ ಮೈಗೆ ಹಿತವಾದದ್ದು ಕೈಗೆ ಆಗಲಿಲ್ಲ. ನಾಲ್ಕನೇ ದಿನಕ್ಕೇ ಬೆರಳುಗಳು ಮೇಜಿನ ಮೇಲೆ ತಾಳ ಹಾಕತೊಡಗಿದವು. ಹೆಬ್ಬೆರಳು ತನಗೆ ತಾನೇ ಪರದೆಯ ಗಾಜನ್ನು ಒತ್ತಿ ನೋಡುತ್ತಿತ್ತು. ಗಂಟೆಗೊಮ್ಮೆ ಎದ್ದು ಓಣಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದೆ. ಆಫೀಸಿನವರು ಇದು ಯೋಗ ಇರಬೇಕು ಎಂದುಕೊಂಡರು.

ಫ್ರೀಮಾಂಟ್

ಶನಿವಾರ ವೀರೇಶ ಕಾರಿನಲ್ಲಿ ತನ್ನ ಅಪಾರ್ಟ್‌ಮೆಂಟಿಗೆ ಕರೆದುಕೊಂಡು ಹೋದ. ಫ್ರೀವೇ ಎಂಬ ಹೆದ್ದಾರಿಯಲ್ಲಿ, ನಮ್ಮ ಶಿರಾಡಿ ಘಾಟಿಯಲ್ಲಿ ಲಾರಿ ನಿಂತಂತೆ ಕಾರುಗಳು ನಿಂತಿದ್ದವು. ಒಂದು ಹಾರ್ನೂ ಇಲ್ಲ. ಅಷ್ಟು ಜನ ಅಷ್ಟು ಸುಮ್ಮನೆ ಕಾಯುವುದನ್ನು ನೋಡಿ ನನಗೇ ಹಾರ್ನು ಹೊಡೆಯುವ ಮನಸ್ಸಾಯಿತು.

ಅವನ ಹೆಂಡತಿ ಗೀತಾ ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿದ್ದಳು. "ಇನ್ನೊಂದ್ ತಗೋರಿ ಅಕ್ಕಾರ, ನಾಚ್ಕೋಬ್ಯಾಡ್ರಿ" ಎಂದು ಮೂರು ರೊಟ್ಟಿ ಬಡಿಸಿದಳು. ರುಚಿಯಾಗಿತ್ತು. ಆದರೆ ದಿನವಿಡೀ ನೂರಾರು ಮೀನು ನೋಡಿ ಸಂಜೆಗೆ ಬದನೆಕಾಯಿ ತಿನ್ನುವ ನನ್ನ ಪಾಡು, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಹಾಗೆ.

ಅವರ ಐದು ವರ್ಷದ ಮಗಳು ನನಗೆಂದು ಮೀನಿನ ಚಿತ್ರ ಬರೆದು ತಂದಳು. ಸ್ಕೇಲು ಇಟ್ಟು ಗೆರೆ ಎಳೆದಂತೆ ನೆಟ್ಟಗಿತ್ತು. "ಮೀನು ಹೀಗಿರುವುದಿಲ್ಲ ಪುಟ್ಟೀ, ಬಳುಕುತ್ತದೆ" ಎಂದು ಕೈ ಅಲ್ಲಾಡಿಸಿ ತೋರಿಸಿದೆ. "ನೋ ಆಂಟಿ, ಡ್ಯಾಡೀಸ್ ಫಿಶ್ ಆರ್ ಸ್ಟ್ರೇಟ್" ಎಂದಳು.

ಅವಳು ಪೆನ್ಸಿಲುಗಳನ್ನು ಇಟ್ಟುಕೊಂಡಿದ್ದ ಉದ್ದನೆಯ ಬಿಳಿ ತಟ್ಟೆಯನ್ನು ವೀರೇಶ ಎತ್ತಿ ತೋರಿಸಿದ. ನಡುವೆ ಮೀನು ಮಲಗುವಷ್ಟು ಅಗಲದ ನೇರ ಕಾಲುವೆ. "ನಂದ ಡಿಸೈನ್ರಿ ಇದು. ಇದು ಮೊದಲ್ನೇ ಮಾಡೆಲ್ಲು. ಲಾರಿಯಿಂದ ಇಳಿಸಿದ ಕೂಡ್ಲೆ ಮೀನನ್ನ ಇದ್ರಾಗ ಮಲಗಸ್ತಾರ, ಮ್ಯಾಲಿಂದ ಕ್ಯಾಮೆರಾ ಫೋಟೋ ತಗೀತೈತಿ. ನೆಟ್ಟಗ ಇರ್ಲಿಲ್ಲಂದ್ರ ಸಾಫ್ಟ್‌ವೇರಿಗೆ ಉದ್ದ ತಿಳಿಯಾಂಗಿಲ್ಲ."

ತಟ್ಟೆಯನ್ನು ಕೈಯಲ್ಲಿ ತಿರುಗಿಸಿ ನೋಡಿದೆ. "ಚೆನ್ನಾಗುಂಟು" ಎಂದೆ. ಇದನ್ನು ಇಲ್ಲಿ ಬರೆಯಲೇಬೇಕು. ಮೂರು ರೊಟ್ಟಿ ತಿಂದ ಸಂತೋಷದಲ್ಲಿ ನಾನು ಹಾಗೆಂದದ್ದು ಹೌದು.

ಲಿವರ್‌ಮೋರ್

ಮೂರನೇ ವಾರದ ಭಾನುವಾರ ಅದೇ ಕಾರಿನಲ್ಲಿ ಲಿವರ್‌ಮೋರಿನ ದೇವಸ್ಥಾನಕ್ಕೆ ಹೋದೆವು. ಒಣಹುಲ್ಲಿನ ಬಣ್ಣದ ಗುಡ್ಡಗಳ ನಡುವೆ ಬೆಳ್ಳನೆಯ ಗೋಪುರ. ಶಿವನೂ ವಿಷ್ಣುವೂ ಒಂದೇ ಸೂರಿನಡಿ, ಬೇರೆ ಬೇರೆ ಬಾಡಿಗೆ ಕಟ್ಟುವುದು ತಪ್ಪಿತು ಎಂಬಂತೆ ಇದ್ದರು. ಪಾರ್ಕಿಂಗು ಸಿಗದೆ ಮೂರು ಸುತ್ತು ಹಾಕಿ, ದರ್ಶನ ಮುಗಿಸಿ, ಕೆಳಗಿನ ಹಾಲಿನಲ್ಲಿ ಪುಳಿಯೋಗರೆಯ ತಟ್ಟೆ ಹಿಡಿದು ಕೂತೆವು.

ವೀರೇಶ ಬಹಳ ಖುಷಿಯಲ್ಲಿದ್ದ. ಬರುವ ಗುರುವಾರ ಹೂಡಿಕೆದಾರರ ಮುಂದೆ ಡೆಮೋ ಇತ್ತು.

"ಅಕ್ಕಾರ, ನಿಮ್ಮ ಗುರ್ತುಗಳಿಂದ ಗ್ರಾಫ್ ಎಷ್ಟ್ ಚಂದ ಬಂದೈತಿ ಗೊತ್ತೇನ್ರಿ? ಬಿರುಕು ಎಲ್ಲಾ ನಾಕನೇ ಟೇಬಲ್ಲಿಗೆ ಬಂದು ಕೂತಾವ. ಅಲ್ಲಿ ಟೆಸ್ಸೀ ಅಂತ ಒಬ್ಬಾಕಿ ಅದಾಳ, ಫಿಲಿಪೀನ್ಸ್ ಕಡೆಯಾಕಿ. ಬುಧವಾರನ ಆಕೀ ಕೈಯಾಗಿಂದ ಕತ್ತಿ ತಗೊಂಡು ಪೆಟಗಿ ತೊಳಿಯಾಕ ಹಚ್ಯಾರ್ರಿ. ಡೆಮೋ ಮುಗದ ಮ್ಯಾಲ ಮನೀಗೆ ಕಳಸ್ತಾರಂತ. ನಮ್ಮ ಸಿಸ್ಟಮ್ಮು ಹಿಡದ ಮೊದಲ್ನೇ ಕೇಸು!"

ಪುಳಿಯೋಗರೆಯ ತಟ್ಟೆಯನ್ನು ಪಕ್ಕಕ್ಕೆ ಇಟ್ಟೆ. ಅಷ್ಟು ದಿನ ನಾಲ್ಕು ಎಂಬುದು ನನಗೆ ಫೋಟೋದ ಮೂಲೆಯ ಒಂದು ಅಂಕಿ. ಈಗ ಅದಕ್ಕೊಂದು ಹೆಸರು ಬಂತು.

"ಬುಧವಾರವೇ ತೆಗೆದರಾ?"

"ಹೌದ್ರಿ."

"ಶುಕ್ರವಾರದ ಫೋಟೋಗಳನ್ನು ನಿನ್ನೆ ಆಫೀಸಿಗೆ ಹೋಗಿ ನೋಡಿದೆ ವೀರೇಶ. ನಾಲ್ಕನೇ ಮೇಜಿನದ್ದಕ್ಕೆ ಅಷ್ಟೇ ಸುತ್ತು ಹಾಕಿದ್ದೇನೆ. ಶುಕ್ರವಾರ ಅಲ್ಲಿ ಕೊಯ್ದವರು ಯಾರು?"

ವೀರೇಶ ಬಾಯಿಗೆ ಒಯ್ದ ಚಮಚವನ್ನು ಇಳಿಸಿದ. "ಬ್ಯಾರೆ ಯಾರೋ ಇರಬೇಕ್ರಿ" ಎಂದ. ಆಮೇಲೆ, "ಎರಡ ದಿನದ್ದು ಡೇಟಾ ಸಾಲಾಂಗಿಲ್ಲ ಅಕ್ಕಾರ" ಎಂದ. ಗೀತಾ ಅವನ ಮುಖ ನೋಡಿದಳು. ನಾನೂ ನೋಡಿದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಬರೆ ಹಾಕಿದ ಕೈ ನನ್ನದು. ಮಲ್ಪೆಯಲ್ಲಿ ಹೊಸಬರು ಬಂದರೆ ನಾನು ಮೊದಲು ಹೇಳಿಕೊಡುವುದೇ, ಮುಟ್ಟದೆ ಮೀನಿಗೆ ಹೆಸರಿಡಬೇಡಿ ಎಂದು. ಅಲ್ಲಿ ಒಂದು ಬಂಗುಡೆಯನ್ನೂ ಕೈಗೆತ್ತಿಕೊಳ್ಳದೆ ಬೇಡ ಎಂದವಳಲ್ಲ. ಇಲ್ಲಿ ಮೂರು ವಾರ ಕೂತು, ಬರೀ ಚಿತ್ರ ನೋಡಿ, ಕಾಣದ ಹೆಂಗಸಿನ ಕೈ ಒರಟು ಎಂದು ತೀರ್ಪು ಕೊಟ್ಟಿದ್ದೆ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ನನಗೆ ದೂರದ್ದೆಲ್ಲ ಬಿರುಕಾಗಿಯೇ ಕಂಡಿತ್ತು.

ಸೋಮವಾರ ಬೆಳಿಗ್ಗೆ ಬ್ರಯನ್ನನ ಹತ್ತಿರ ಹೋಗಿ ಆ ಇನ್ಶೂರೆನ್ಸಿನ ಫಾರಂ ಕೇಳಿದೆ. ವಾರ ಹಿಡಿದೀತು ಎಂದಿದ್ದ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು.

ಓಕ್ಲಂಡ್

ಮಂಗಳವಾರ ಕಪಾಟಿನಿಂದ ಬೂಟು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಬೆಳಗಿನ ಮೊದಲ ರೈಲು ಹತ್ತಿದೆ. ಓಕ್ಲಂಡಿನ ಕೊನೆಯ ಸ್ಟೇಷನ್ನಿನಲ್ಲಿ ಇಳಿಯಬೇಕಿತ್ತು. ಎದುರು ಕೂತವನೊಬ್ಬ ಟೈ ಕಟ್ಟಿಕೊಂಡು ಕೂತಲ್ಲೇ ನಿದ್ರೆ ಹೊಡೆಯುವ ಚಂದ ನೋಡುತ್ತಾ ಟೆಸ್ಸಿಗೆ ಏನು ಹೇಳಲಿ ಎಂದು ಯೋಚಿಸುತ್ತಿದ್ದೆ. ಬಾಗಿಲು ತೆರೆದದ್ದೂ ಮುಚ್ಚಿದ್ದೂ ಗೊತ್ತಾಗಲಿಲ್ಲ. ರೈಲು ಒಮ್ಮೆಲೇ ಕತ್ತಲೆಗೆ ಇಳಿದು ಕಿವಿ ಗುಂಯ್ ಎಂದಿತು. ಪಕ್ಕದವಳನ್ನು ಕೇಳಿದರೆ, ಸಮುದ್ರದ ಅಡಿಯಲ್ಲಿದ್ದೇವೆ, ಇನ್ನು ಸ್ಯಾನ್‌ಫ್ರಾನ್ಸಿಸ್ಕೋ ಎಂದಳು. ಹುಟ್ಟಿದಾಗಿನಿಂದ ಸಮುದ್ರದ ಬದಿಯಲ್ಲಿದ್ದವಳು ಮೀನುಗಳ ಕೆಳಗೆ ಹೋದದ್ದು ಅದೇ ಮೊದಲು. ಸುಖಪಡುವ ಹೊತ್ತು ಅದಲ್ಲ. ಆ ಕಡೆ ಇಳಿದು, ಎದುರಿನ ರೈಲು ಹಿಡಿದು, ಮತ್ತೆ ಅದೇ ಸುರಂಗದಲ್ಲಿ ವಾಪಸು ಬಂದು ಶೆಡ್ಡು ಮುಟ್ಟುವಾಗ ಆಕಾಶ ಬಿಳಿಚಿಕೊಂಡಿತ್ತು.

ಬಾಗಿಲು ತೆರೆದದ್ದೇ ಐಸಿನ ತಂಪು, ಉಪ್ಪು, ರಕ್ತ, ಬ್ಲೀಚಿನ ವಾಸನೆ. ಮೂರು ವಾರದ ಮೇಲೆ ನನಗೆ ಸರಿಯಾಗಿ ಉಸಿರು ಬಂತು. ಬೂಟು ಹಾಕಿಕೊಂಡೆ. ಬಾಗಿಲ ಬಳಿ ಕುಳ್ಳಗಿನ ಹೆಂಗಸೊಬ್ಬಳು ಪೈಪು ಹಿಡಿದು ಪ್ಲಾಸ್ಟಿಕ್ ಪೆಟ್ಟಿಗೆ ತೊಳೆಯುತ್ತಿದ್ದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು.

"ಟೆಸ್ಸಿ ಎಂಬವರು ಎಲ್ಲಿ ಸಿಗುತ್ತಾರೆ?" ಎಂದೆ.

ಅವಳು ಪೈಪು ನಿಲ್ಲಿಸಿದಳು. "ನಾನೇ. ನೀವು?"

"ನಾನು ಜಲಜಾ. ಇಂಡಿಯಾದಿಂದ ಬಂದಿದ್ದೇನೆ. ನಿಮ್ಮ ಫಿಲೆಗಳ ಮೇಲೆ ಕೆಂಪು ಸುತ್ತು ಹಾಕಿದವಳು ನಾನು."

ಅವಳು ಬೈಯಲಿಲ್ಲ. ನನ್ನ ಮುಖವನ್ನೊಮ್ಮೆ ನೋಡಿ, "ನಿಮ್ಮನ್ನು ಗಂಡಸು ಎಂದುಕೊಂಡಿದ್ದೆ" ಎಂದಳು. ಆಮೇಲೆ ಪೈಪು ಕೆಳಗಿಟ್ಟು, ಬನ್ನಿ ಎಂದು ಕರೆದುಕೊಂಡು ಹೋದಳು.

ಲಾರಿ ಆಗಷ್ಟೇ ಬಂದಿತ್ತು. ಪೆಟ್ಟಿಗೆಯೊಳಗಿನ ಮೀನುಗಳನ್ನು ನೋಡಿದ ಕೂಡಲೇ ನನಗೆ ಅರ್ಧ ಅರ್ಥವಾಯಿತು. ಗಿಡ್ಡ ಪೆಟ್ಟಿಗೆ, ಉದ್ದ ಮೀನು. ಒಂದೊಂದೂ ಪೆಟ್ಟಿಗೆಯ ಗೋಡೆಗೆ ಒರಗಿ ಬಿಲ್ಲಿನಂತೆ ಬಾಗಿ, ಹಾಗೆಯೇ ಸೆಟೆದಿತ್ತು. ಸತ್ತ ಮೀನು ಕೆಲವು ಗಂಟೆಯೊಳಗೆ ಸೆಟೆಯುತ್ತದೆ, ಐಸಿನಲ್ಲಿದ್ದರೆ ಎರಡು ದಿನವಾದರೂ ಹಾಗೇ ಇದ್ದು ಆಮೇಲೆ ಸಡಿಲುತ್ತದೆ. ನಮ್ಮೂರಿನ ಮೀನು ಮಾರುವ ಯಾವ ಹೆಂಗಸಿಗೂ ಇದು ಗೊತ್ತು. ಬಾಗಿ ಸೆಟೆದ ಮೀನೆಂದರೆ ಅವರು ಅದನ್ನೇ ಎತ್ತಿ ತೋರಿಸಿ, ತಾಜಾ ನೋಡಿ ಎಂದು ಮಾರುತ್ತಾರೆ. ನನ್ನ ಅತ್ತೆ ಬುಟ್ಟಿ ಹೊತ್ತು ಮಾರಿದವಳು. ಸೆಟೆದ ಮೀನಿನ ಹತ್ತಿರ ಹಟ ಮಾಡಬೇಡ, ಅದರ ಕೋಪ ತಾನಾಗಿ ಇಳಿಯಬೇಕು ಎನ್ನುತ್ತಿದ್ದಳು.

ಕ್ಯಾಮೆರಾದ ಕೆಳಗೆ ವೀರೇಶನ ಬಿಳಿ ತಟ್ಟೆ. ಒಬ್ಬ ದಢೂತಿ ಮನುಷ್ಯ ಬಾಗಿದ ಮೀನನ್ನು ಅದರಲ್ಲಿಟ್ಟು, ತಲೆಯ ಮೇಲೊಂದು ಬಾಲದ ಮೇಲೊಂದು ಅಂಗೈ ಊರಿ, ಮೈಭಾರ ಹಾಕಿ ಒತ್ತಿದ. ಮೀನು ನೆಟ್ಟಗಾಯಿತು. ಫೋಟೋ ಬಿತ್ತು. ಮುಂದಿನದು. ಅವನದೇನೂ ತಪ್ಪಿಲ್ಲ, ಗೋಡೆಯ ಮೇಲೆ ಚಿತ್ರ ಸಹಿತ ಅಂಟಿಸಿದ್ದ ಆಜ್ಞೆ ಅದು. ಒಂದು ಮೀನಿನ ಬೆನ್ನಿನ ಮೇಲೆ ನಾನು ಅಂಗೈ ಇಟ್ಟು ಹಿಡಿದೆ, ಒತ್ತು ಎಂದೆ. ಒದ್ದೆ ಬಟ್ಟೆಯ ಹೊಲಿಗೆ ಒಳಗೊಳಗೇ ಬಿಟ್ಟಂತೆ ಕೈಗೆ ತಿಳಿಯಿತು. ಕಣ್ಣಿಗೆ ಏನೂ ಕಾಣಲಿಲ್ಲ.

"ಈ ಸೆಟೆದವು ಯಾವ ಮೇಜಿಗೆ ಹೋಗುತ್ತವೆ?"

"ನಾಲ್ಕಕ್ಕೆ" ಎಂದಳು ಟೆಸ್ಸಿ. "ಸೆಟೆದದ್ದನ್ನು ಕೊಯ್ಯುವುದು ಕಷ್ಟ. ಎಲ್ಲರ ಕೈಯಲ್ಲಿ ಆಗುವುದಿಲ್ಲ. ಹತ್ತೊಂಬತ್ತು ವರ್ಷದಿಂದ ಅವು ನನಗೇ. ಉಳಿದ ಮೇಜುಗಳಿಗೆ ಎರಡು ಮೂರು ದಿನ ಮೊದಲೇ ಕೊಂದು, ಸಡಿಲಾದ ಮೇಲೆಯೇ ಲಾರಿಯಿಂದ ಇಳಿಯುವಂಥವು."

ಅಷ್ಟೇ ಸಂಗತಿ. ಒಳ್ಳೆಯ ಕೈ ಎಂದು ಕಷ್ಟದ ಮೀನು ಕೊಟ್ಟರು, ಕಷ್ಟದ ಮೀನನ್ನು ತಟ್ಟೆಗಾಗಿ ಮುರಿದರು, ಮುರಿದದ್ದು ಕೈಯ ತಪ್ಪೆಂದು ನಾನು ಗೆರೆ ಎಳೆದೆ.

"ನೀವು ಯಾರಿಗೂ ಹೇಳಲಿಲ್ಲವೇ?"

"ಹೇಳಿದೆ, ತಟ್ಟೆ ಬಂದ ವಾರವೇ. ಇಂಡಿಯಾದಿಂದ ಎಕ್ಸ್‌ಪರ್ಟ್ ಬರುತ್ತಾರೆ, ಅವರು ನೋಡುತ್ತಾರೆ ಎಂದರು."

ಅವಳ ಕೈಗೆ ಕತ್ತಿ ಕೊಡಿಸಿದೆ. ಒತ್ತಿದ ಮೀನೊಂದು, ಒತ್ತದೆ ಬಿಟ್ಟ ಬಾಗಿದ ಮೀನೊಂದು. ಎರಡನ್ನೂ ಅವಳು ಕೊಯ್ದಳು. ಕತ್ತಿ ಮುಳ್ಳಿನ ಮೇಲೆ ಹರಿದ ಸದ್ದು ಮಾತ್ರ ಕೇಳುತ್ತಿತ್ತು. ಅಂಥ ಕೈ ನಾನು ಮಲ್ಪೆಯಲ್ಲೂ ನೋಡಿಲ್ಲ. ಒತ್ತಿದ ಮೀನಿನ ಫಿಲೆ ಐದಾರು ಕಡೆ ಬಾಯಿ ಬಿಟ್ಟಿತು. ಬಾಗಿದ ಮೀನಿನದು ಕನ್ನಡಿಯ ಹಾಗೆ ಬಂತು.

ಮತ್ತೆ ಓಕ್ಲಂಡ್

ಆಫೀಸಿಗೆ ಬಂದು ಹೇಳಿದಾಗ ವೀರೇಶ ಮೊದಲು ನಂಬಲಿಲ್ಲ, ಆಮೇಲೆ ಹೆದರಿದ.

"ಅಕ್ಕಾರ, ನಿಮಗ ಕೈ ಮುಗೀತೇನ್ರಿ. ಗುರುವಾರ ಮುಗದ ಮ್ಯಾಲ ಹೇಳ್ರಿ. ತಟ್ಟೀದ ತಪ್ಪು ಅಂದ್ರ ನನ್ನ ಕೆಲಸಾನೂ ಹೋತು, ವೀಸಾನೂ ಹೋತು. ಗೀತಾ, ಮಗಳು, ಎಲ್ಲಾರನ್ನೂ ಕಟಗೊಂಡು ಎಲ್ಲಿಗೆ ಹೋಗ್ಲಿ?"

"ಟೆಸ್ಸಿಯ ಕೆಲಸ ಹೋಗುವುದೂ ಗುರುವಾರ ಮುಗಿದ ಮೇಲೆಯೇ ಅಲ್ಲವಾ ಮಾರಾಯ?"

ಅವನು ಪರದೆಯ ಕಡೆ ತಿರುಗಿದ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ, ಅಯ್ಯೋ ಎನಿಸಿತು. ನಮ್ಮಿಬ್ಬರದೂ ಒಂದೇ ತಪ್ಪು. ಅವನು ಮುಟ್ಟದೆ ತಟ್ಟೆ ಮಾಡಿದ, ನಾನು ಮುಟ್ಟದೆ ತೀರ್ಪು ಕೊಟ್ಟೆ. ಅವನಿಗಾದರೆ ಮುಟ್ಟದಿರಲಿಕ್ಕೆ ಅವನ ಮನೆಯ ಆಚಾರವಿತ್ತು. ನನಗೆ ಏನಿತ್ತು?

"ನಿಮ್ಮ ಹೆಸರು ನಾನು ಹೇಳುವುದಿಲ್ಲ. ನನ್ನ ಗುರುತುಗಳನ್ನು ಮಾತ್ರ ವಾಪಸು ತೆಗೆದುಕೊಳ್ಳುತ್ತೇನೆ. ಆದರೆ ನಾಳೆ ಬೆಳಿಗ್ಗೆ ಒಮ್ಮೆ ನನ್ನ ಜೊತೆ ಬನ್ನಿ" ಎಂದೆ.

ಬರುವುದಿಲ್ಲ ಎಂದುಕೊಂಡಿದ್ದೆ. ಬುಧವಾರ ಬೆಳಿಗ್ಗೆ ಐದಕ್ಕೆ ಅವನ ಕಾರು ನನ್ನ ಬಾಗಿಲಲ್ಲಿತ್ತು. ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡೇ ಬಂದಿದ್ದ. ಶೆಡ್ಡಿನಲ್ಲಿ ವಾಸನೆಗೆ ಮುಖ ಕಿವುಚಿ, ಕೈಗವಸು ಹಾಕಿಕೊಂಡ. ಟೆಸ್ಸಿ ತಲೆ ಅಲ್ಲಾಡಿಸಿದಳು. ಕೈಗವಸಿನಲ್ಲಿ ಗೊತ್ತಾಗುವುದಿಲ್ಲ ಎಂದಳು.

ಅವನು ಕೈಗವಸು ಕಳಚಿದ. ಕಣ್ಣು ಮುಚ್ಚಿಕೊಂಡು, ಬಾಯೊಳಗೇ ಏನೋ ಹೇಳಿಕೊಂಡು, ತನ್ನ ತಟ್ಟೆಯಲ್ಲಿ ಬಾಗಿ ಮಲಗಿದ್ದ ಮೀನಿನ ತಲೆಗೊಂದು ಬಾಲಕ್ಕೊಂದು ಕೈ ಇಟ್ಟು ಒತ್ತಿದ. ಥಟ್ಟನೆ ಕೈ ಹಿಂದಕ್ಕೆ ತೆಗೆದ.

"ಹರೀತ್ರಿ" ಎಂದ. "ಒಳಗ ಏನೋ ಹರೀತ್ರಿ ಅಕ್ಕಾರ."

ಆಮೇಲೆ ನಲ್ಲಿಯ ಕೆಳಗೆ ಬಹಳ ಹೊತ್ತು ಕೈ ತೊಳೆದುಕೊಂಡ. ಎಂಟು ಗಂಟೆಗೆ ಆಫೀಸಿಗೆ ಮರಳಿದ್ದೇ, ನನಗಿಂತ ಮೊದಲು ಬ್ರಯನ್ನನ ಕೋಣೆಗೆ ಹೋಗಿ, ತಪ್ಪು ತಟ್ಟೆಯದು, ತಟ್ಟೆ ನನ್ನದು ಎಂದು ಅವನೇ ಹೇಳಿದ. ಗಾಜಿನ ಗೋಡೆಯ ಈಚೆ ನಿಂತು ನೋಡುತ್ತಿದ್ದ ನನ್ನ ಕಣ್ಣು ತುಂಬಿಬಂತು.

ಬ್ರಯನ್ ಒಂದು ತಾಸು ಕೂಗಾಡಿದ. ಎರಡನೇ ತಾಸಿನಲ್ಲಿ ಅವನಿಗೆ ಬೇರೆಯೇ ಬೆಳಕು ಹೊಳೆಯಿತು. ಗುರುವಾರದ ಡೆಮೋದಲ್ಲಿ ಅವನು ಚಡ್ಡಿಯ ಬದಲು ಪ್ಯಾಂಟು ಹಾಕಿ ನಿಂತು, ಸೆಟೆದ ಮೀನನ್ನು ನೆಟ್ಟಗೆ ಮಾಡಿದರೆ ಬಿರುಕು ಬರುತ್ತದೆ ಎಂಬುದನ್ನು ನಮ್ಮ ಸಿಸ್ಟಮ್ಮು ತಾನಾಗಿ ಕಂಡುಹಿಡಿದಿದೆ ಎಂದು ಪರದೆಯ ಮೇಲೆ ತೋರಿಸಿದ. ಬಂದವರು ಚಪ್ಪಾಳೆ ತಟ್ಟಿದರು. ವೀರೇಶನ ಕೆಲಸ ಉಳಿಯಿತು, ಬಾಗಿದ ಮೀನಿಗೂ ಜಾಗವಿರುವ ಅಗಲ ತಟ್ಟೆ ಮಾಡಲಿಕ್ಕೆ ಹೇಳಿದರು. ಟೆಸ್ಸಿಯ ಹೆಸರು ಅಲ್ಲಿ ಯಾರೂ ಎತ್ತಲಿಲ್ಲ. ಕೊನೆಯಲ್ಲಿ ನಾನು ಎದ್ದು ನಿಂತು, ಇದನ್ನು ಮೊದಲು ಹೇಳಿದವಳು ನಾಲ್ಕನೇ ಮೇಜಿನ ಟೆಸ್ಸಿ ಎಂದೆ. ಎಲ್ಲರೂ ನನ್ನ ಕಡೆ ತಿರುಗಿ ಸೌಜನ್ಯದಿಂದ ನಕ್ಕರು. ಅಷ್ಟರಲ್ಲಿ ಊಟ ಬಂತು.

ಹೊರಡುವ ಹಿಂದಿನ ದಿನ ಶೆಡ್ಡಿಗೆ ಹೋದೆ. ಈ ಸಲ ರೈಲಿನಲ್ಲಿ ಎಚ್ಚರವಾಗಿದ್ದೆ. ಟೆಸ್ಸಿ ಮತ್ತೆ ನಾಲ್ಕನೇ ಮೇಜಿನಲ್ಲಿ, ಕೈಯಲ್ಲಿ ಕತ್ತಿ. ನನ್ನನ್ನು ನೋಡಿ ಸಾಲ್ಮನ್ನಿನ ಎರಡು ತಲೆ ಕಾಗದದಲ್ಲಿ ಕಟ್ಟಿಕೊಟ್ಟಳು, ಇಲ್ಲಿಯವರು ಬಿಸಾಡುತ್ತಾರೆ, ನಿಮಗೆ ಬೆಲೆ ಗೊತ್ತು ಎಂದಳು. ಎಷ್ಟೋ ದಿನದಿಂದ ಆಡಬೇಕೆಂದಿದ್ದ ಮಾತನ್ನು ಆಗ ಆಡಿದೆ. ಪೆಟ್ಟಿಗೆ ತೊಳೆಯುವ ಹಾಗೆ ಮಾಡಿದ್ದಕ್ಕೆ ಕ್ಷಮಿಸಿ ಎಂದೆ. ಪರವಾಗಿಲ್ಲ ಎಂಬಂತೆ ಕೈ ಆಡಿಸಿದಳು. ಅವಳ ಕಣ್ಣು ನನ್ನ ಕಾಲಿನ ಕಡೆ ಹೋಯಿತು.

"ಒಳ್ಳೆಯ ಬೂಟು. ಇಲ್ಲಿ ಕೊಂಡಿರಾ?"

"ಇಲ್ಲ, ಊರಿನಿಂದಲೇ ತಂದದ್ದು."

"ಬರುವಾಗಲೇ ತಂದಿದ್ದಿರಾ? ಮೊದಲ ದಿನದಿಂದಲೇ ನಿಮ್ಮ ಹತ್ತಿರ ಇದ್ದವಾ?"

ಹೌದು ಎಂದೆ.

ಅವಳು ಇನ್ನೂ ಬೆಳ್ಳಗೇ ಇದ್ದ ಆ ಬೂಟುಗಳನ್ನು ಒಂದು ಗಳಿಗೆ ನೋಡಿ, ಮುಂದಿನ ಮೀನು ಎಳೆದುಕೊಂಡು ಕೊಯ್ಯತೊಡಗಿದಳು.